ಬಾಗಲ ಮುಟ್ಟಬ್ಯಾಡ್ರಿ ಅಂದಿದ್ದ ಅಕ್ಕೋರು

ಮೊನ್ನೆ ಸಿಂಧನೂರಿನಲ್ಲಿ ಅಕ್ಕೋರ ಸಂತಾಪ ಸಭೆ ನಡೆಯಿತು. ಅವರಿಗೆ ಹಳೆಯ ಕಟ್ಟಡಗಳೆಂದರೆ ಪ್ರಾಣ ಎಂದು ಒಬ್ಬರಾದ ಮೇಲೆ ಒಬ್ಬರು ಎದ್ದು ಹೇಳಿದರು. ಪರಂಪರೆಯ ಪ್ರೇಮಿ ಎಂದರು, ಊರಿನ ಇತಿಹಾಸಕ್ಕೆ ಮಿಡಿದ ಜೀವ ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಅಕ್ಕೋರಿಗೆ ಹಳೆಯ ಕಟ್ಟಡಗಳ ಮೇಲೆ ಅಂಥ ಮೋಹವೇನೂ ಇರಲಿಲ್ಲ. ತಾವು ಕೊಂಡ ಮನೆಯ ಮಣ್ಣಿನ ಮಾಳಿಗೆಯನ್ನು ಒಂದು ಬೇಸಿಗೆಯಲ್ಲಿ ಕೆಡವಿಸಿ, ಸ್ಲ್ಯಾಬ್ ಹಾಕಿಸಿ, ಇನ್ನು ಮಳೆಗಾಲದಲ್ಲಿ ಪಾತ್ರೆ ಹಿಡಿಯೋದು ತಪ್ಪಿತು ಎಂದು ನಕ್ಕವರು ಅವರು. ಅವರು ಕಾಯ್ದದ್ದು ಒಂದೇ ಒಂದು ಬಾಗಿಲನ್ನು. ಸಭೆಯಲ್ಲಿ ಮಾತನಾಡಿದವರಲ್ಲಿ ಕೆಲವರು ಆ ದಿನ ಆ ಬಾಗಿಲಿನ ಮುಂದೆ ನನ್ನ ಪಕ್ಕದಲ್ಲೇ ನಿಂತಿದ್ದವರು. ಒಬ್ಬರೂ ಆ ದಿನದ ಮಾತೆತ್ತಲಿಲ್ಲ. ನೋಡಿದ್ದನ್ನು ಇಷ್ಟು ಬೇಗ ನುಂಗಿಕೊಳ್ಳಲು ಮನುಷ್ಯರಿಗೆ ಹೇಗೆ ಸಾಧ್ಯವಾಗುತ್ತದೋ ನನಗಂತೂ ತಿಳಿಯದು, ಅದಕ್ಕೇ ಬರೆಯಲು ಕೂತೆ.

ಅವರು ನಮ್ಮ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು, ನಾನು ಕನ್ನಡ. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಗಳನ್ನು ಅಕ್ಕೋರು ಅನ್ನುವುದು ರೂಢಿ. ಊರಿನಲ್ಲಿ ಅಕ್ಕೋರುಗಳು ಬೇಕಾದಷ್ಟು ಇದ್ದರೂ, ಹಿಂದೆ ಮುಂದೆ ಏನೂ ಸೇರಿಸದೆ ಅಕ್ಕೋರು ಅಂದರೆ ಇವರೇ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಕುಳ್ಳಗಿನ ಗಟ್ಟಿ ಹೆಂಗಸು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಯಲ್ಲಿ ಗಂಡಸರ ವಾಚು. ನಡೆಯುವಾಗ ಎದುರಿಗೆ ಬಂದವರೇ ಪಕ್ಕಕ್ಕೆ ಸರಿಯಬೇಕು, ಅವರು ಸರಿಯುವ ಪೈಕಿ ಅಲ್ಲ.

ಲೆಕ್ಕ ಬರುವುದಿಲ್ಲ ಎಂದ ಮಕ್ಕಳಿಗೆ ಅವರು ಒಂದು ಮಾತು ಅಂದವರಲ್ಲ. ಬರದಿದ್ದರೂ ಬಂದವರಂತೆ ತಲೆಯಾಡಿಸಿದವರ ಕಿವಿ ಮಾತ್ರ ಕೆಂಪಾಗುತ್ತಿತ್ತು. "ಬರಲ್ಲ ಅಂದ್ರ ಕಲಿಸ್ತೀನಿ. ಬಂದಂಗ ಮಾಡಿದ್ರ ನಾ ಏನ ಕಲಿಸ್ಲಿ ನಿನಗ?" ಅನ್ನುತ್ತಿದ್ದರು. ಈ ಮಾತನ್ನು ಮುಂದೆ ಅವರು ಮಕ್ಕಳಿಗಷ್ಟೇ ಅಲ್ಲ, ಹೆಡ್‌ಮಾಸ್ತರರಿಗೂ ಒಮ್ಮೆ ಅಂದದ್ದನ್ನು ನಾನೇ ಕೇಳಿದ್ದೇನೆ.

ಅವರು ಹೊಸದಾಗಿ ಜವಳಗೇರಾದಿಂದ ವರ್ಗವಾಗಿ ಬಂದಾಗ ನಡೆದದ್ದೊಂದು ನೆನಪಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕೋರು ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿ. ಬಿಚ್ಚಿದ ಕೂಡಲೇ ನಮ್ಮಲ್ಲಿ ಒಬ್ಬಿಬ್ಬರಿಗೆ ಹೊರಗೆ ಏನೋ ಕೆಲಸ ನೆನಪಾಯಿತು. ಅವರು ಬುದ್ಧನ ಫೋಟೋ ಇಟ್ಟುಕೊಂಡ ಮನೆಯವರು ಎಂಬುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಅಕ್ಕೋರು ಎದ್ದು ಹೋದವರ ಕಡೆ ನೋಡದೆ ಡಬ್ಬಿಯನ್ನು ಮೇಜಿನ ನಟ್ಟನಡುವಿಗೆ ತಳ್ಳಿದರು. "ಉಣ್ಣೋರು ಉಣ್ಲಿ, ಏಳೋರು ಏಳ್ಲಿ. ಡಬ್ಬಿ ಜಾಗಾ ಮಾತ್ರ ಇದ" ಅಂದರು. ನಾನು ಹೊಟ್ಟೆಬಾಕ, ಕೈ ಹಾಕಿದೆ. ನಮ್ಮ ಸ್ನೇಹ ಶುರುವಾದದ್ದು ಪುಂಡಿಪಲ್ಯದಿಂದ. ಎದ್ದು ಹೋದವರೂ ಮುಂದಿನ ವರ್ಷ ಆ ಹಿಂಡಿಗೆ ಕೈಯೊಡ್ಡುವಂತಾದರು.

ಇನ್ನು ಜಿನ್ನಿನ ವಿಷಯ. ನಮ್ಮೂರಿನವರು ಜಿನ್ನು ಅನ್ನುವುದು ಹತ್ತಿ ಬಿಡಿಸುವ ಗಿರಣಿಗೆ. ನಿಜಾಮರ ಕಾಲದಲ್ಲಿ ಕಟ್ಟಿದ್ದು. ಮಸ್ಕಿ ರಸ್ತೆಯ ಬದಿಗೆ ಕಲ್ಲಿನ ಗೋಡೆ, ತಗಡಿನ ಮಾಡು, ಇಟ್ಟಿಗೆಯ ಎತ್ತರದ ಚಿಮಣಿ. ಆಗ ಸುತ್ತಮುತ್ತ ಎಲ್ಲ ಹತ್ತಿ, ಜೋಳದ ಸೀಮೆ. ಹತ್ತಿ ಹೇರಿದ ಬಂಡಿಗಳು ಅರ್ಧ ಮೈಲಿ ಸಾಲು ನಿಲ್ಲುತ್ತಿದ್ದವು ಎಂದು ನಮ್ಮಪ್ಪ ಹೇಳುತ್ತಿದ್ದ. ನಮ್ಮದು ಕಿರಾಣಿ ಅಂಗಡಿ. ಜಿನ್ನಿನ ಭೋಂಗಾ, ಅಂದರೆ ಸೈರನ್ನು, ಕೂಗಿದರೆ ಅಪ್ಪ ತಕ್ಕಡಿ ಎತ್ತಿಟ್ಟು ಊಟಕ್ಕೆ ಏಳುತ್ತಿದ್ದನಂತೆ. ಆಮೇಲೆ ಕಾಲುವೆ ನೀರು ಬಂತು. ದಢೇಸುಗೂರಿನ ಕಡೆಯಿಂದ ಹಿಡಿದು ಎಲ್ಲ ಕಡೆ ಭತ್ತವಾಯಿತು, ಊರು ತುಂಬ ಅಕ್ಕಿ ಗಿರಣಿಗಳೆದ್ದವು, ಜಿನ್ನು ಬಾಗಿಲು ಹಾಕಿತು. ಎಷ್ಟೋ ವರ್ಷ ಅದರೊಳಗೆ ಪಾರಿವಾಳಗಳದ್ದೇ ಸಂಸಾರ.

ಕೆಲವು ವರ್ಷಗಳ ಹಿಂದೆ ಜಿನ್ನು ಕಟ್ಟಿಸಿದ ಸಾವ್ಕಾರರ ಮೊಮ್ಮಗ ಅದನ್ನು ಕೆಡವಿ ಕಲ್ಯಾಣ ಮಂಟಪ ಕಟ್ಟುತ್ತಾನೆ ಎಂಬ ಸುದ್ದಿ ಬಂತು. ನಾನು ಕನ್ನಡ ಮಾಸ್ತರ, ಇಂಥ ಸುದ್ದಿಗೆ ಕಣ್ಣೀರು ಸುರಿಸಲು ಹುಟ್ಟಿದವನು. ಸಮಾನ ಮನಸ್ಕರು ಸೇರಿ ಒಂದು ಕಮಿಟಿ ಮಾಡಿದೆವು. ಮೊದಲನೆಯ ಸಭೆಗೆ, ಯಾರೂ ಕರೆಯದಿದ್ದರೂ, ಆಗಷ್ಟೇ ನಿವೃತ್ತರಾಗಿದ್ದ ಅಕ್ಕೋರು ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ನಾವೆಲ್ಲ ಭೋಂಗಾದ ಬಗ್ಗೆ, ಬಂಡಿಗಳ ಸಾಲಿನ ಬಗ್ಗೆ, ನಮ್ಮೂರಿನ ವೈಭವದ ಬಗ್ಗೆ ಮಾತನಾಡಿದೆವು. ನಾನಂತೂ ಚಿಮಣಿಯನ್ನು ಹೊಗಳಿ ಗಂಟಲು ಕಟ್ಟಿಸಿಕೊಂಡೆ. ಕೊನೆಗೆ ಅಕ್ಕೋರನ್ನು ಎರಡು ಮಾತಾಡಿ ಎಂದೆವು.

"ಚಿಮಣಿ ಇಟ್ಕೋರಿ, ಬಿಡ್ರಿ. ಬಣ್ಣ ಹಚ್ರಿ, ಹೂವಿನ ಗಿಡಾ ಹಚ್ರಿ. ಒಳಗಿನ ಸಾಲಿಗಿ ಹೋಗೂ ಬಾಗಲೈತಲ್ಲ, ಆ ಬಾಗಲ ಮುಟ್ಟಬ್ಯಾಡ್ರಿ" ಅಂದರು, ಕೂತರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಾಲು ಎಂದರೆ ಯಂತ್ರಗಳಿದ್ದ ಉದ್ದನೆಯ ಕೋಣೆ. ಅದಕ್ಕೆ ಇದ್ದದ್ದು ಅದೊಂದೇ ಬಾಗಿಲು, ಸಾಗವಾನಿಯದು, ಎರಡು ಕದ, ಎತ್ತರದಲ್ಲಿ ಹೊರಗಡೆ ಒಂದು ಕಬ್ಬಿಣದ ಚಿಲಕ. ಒಳಮೈಯಲ್ಲಿ ಎದೆಮಟ್ಟಕ್ಕೆ ಒಂದಿಷ್ಟು ಗುಳಿಗಳು ಬಿದ್ದಿದ್ದವು. ಹತ್ತಿ ಒತ್ತಿ ಕಟ್ಟಿದ ಅಂಡಿಗೆ ಸಾಗಿಸುವಾಗ ತಾಗಿರಬೇಕು ಎಂದು ಕಮಿಟಿಯವರು ತೀರ್ಮಾನಿಸಿದ್ದರು. ನೋಡಲು ಬಂದವರಿಗೂ ಹಾಗೆಯೇ ತೋರಿಸುತ್ತಿದ್ದರು. ಅಕ್ಕೋರು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು, ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ಕೆಡವಲು ಜೇಸಿಬಿ ಬಂದ ದಿನ ಅಕ್ಕೋರು ಆ ಬಾಗಿಲಿನ ಮುಂದೆ ಚಾಪೆ ಹಾಸಿ, ಪುಂಡಿಸೊಪ್ಪಿನ ಕಟ್ಟು ಬಿಚ್ಚಿ, ಎಲೆ ಬಿಡಿಸುತ್ತ ಕೂತಿದ್ದರು. ನಾವು ಕಮಿಟಿಯವರು ಸುದ್ದಿ ತಿಳಿದು ಓಡಿ ಹೋಗುವ ಹೊತ್ತಿಗೆ ಡ್ರೈವರ್ ಯಂತ್ರ ಬಂದ್ ಮಾಡಿ ಕೆಳಗೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದ. ಅವನೂ ಅಕ್ಕೋರ ಕೈಯಲ್ಲಿ ಕಲಿತವನೇ.

"ಅಕ್ಕೋರ, ಸ್ವಲ್ಪ ಸರೀರಿ, ನನ್ನ ಹೊಟ್ಟಿ ಮ್ಯಾಲೆ ಹೊಡಿಬ್ಯಾಡ್ರಿ" ಅಂದ.

"ಹದಿನೇಳರ ಮಗ್ಗಿ ಅನ್ನು, ಸರೀತೀನಿ" ಅಂದರು ಅಕ್ಕೋರು, ಎಲೆಯಿಂದ ಕಣ್ಣೆತ್ತದೆ.

ಅವನು ಮೂರರ ತನಕ ಹೋಗಿ ನಿಂತ. ಸುತ್ತ ನೆರೆದವರೆಲ್ಲ ನಕ್ಕರು, ಅವನೂ ನಕ್ಕ. ಜೇಸಿಬಿ ಬಂದ ದಾರಿ ಹಿಡಿಯಿತು. ಊರಿನಲ್ಲಿ ಈ ಕಥೆ ಬಹಳ ದಿನ ಓಡಾಡಿತು, ಸಂತಾಪ ಸಭೆಯಲ್ಲೂ ಇದನ್ನು ಹೇಳಿ ನಗಿಸಿದರು. ಆದರೆ ಅವತ್ತು ಹತ್ತಿರ ನಿಂತ ನಾನು ಅಕ್ಕೋರ ಬುಟ್ಟಿ ನೋಡಿದ್ದೆ. ಬಿಡಿಸಿದ ಎಲೆಯನ್ನೂ ಕಡ್ಡಿಯನ್ನೂ ಒಂದೇ ಬುಟ್ಟಿಗೆ ಹಾಕುತ್ತಿದ್ದರು.

ಜಿನ್ನು ಕೆಡವಬಾರದೆಂದು ಎ.ಸಿ. ಸಾಹೇಬರಿಗೆ ಅರ್ಜಿ ಕೊಡಲು ಅವರೂ ನಾನೂ ಎಷ್ಟೋ ಸಲ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋದೆವು. ಒಮ್ಮೆ ಬರುವಾಗ ಸಂತೆಕಲ್ಲೂರು ದಾಟಿದ ಮೇಲೆ, ಮಸ್ಕಿಯಲ್ಲಿ ಇಳಿಯೋಣ ಅಂದರು. ಅಶೋಕನ ಶಾಸನದ ಬಂಡೆಯ ಹತ್ತಿರ ಹೋಗಿ ಸುಮ್ಮನೆ ನಿಂತರು. ಪ್ರತಿ ವರ್ಷ ಮಕ್ಕಳನ್ನು ಕರೆತಂದು ತೋರಿಸಿದ ಬಂಡೆ ಅದು.

"ಮಾಸ್ತರ್ರ, ಇದಕ್ಕ ನಮ್ಮ ಮಂದಿ ಆಯಿಲ್ ಪೇಂಟ್ ಹಚ್ಚಲಾರದ್ದು ದೊಡ್ಡ ಪುಣ್ಯ ನೋಡ್ರಿ" ಅಂದರು.

ನಾನು ನಕ್ಕೆ. ಅವರು ನಗಲಿಲ್ಲ. "ರಾಜ ತಾ ಮಾಡಿದ್ದಕ್ಕ ಮರುಗಿದ್ನಂತ. ಅದನ್ನ ಕಲ್ಲಿನಾಗ ಬರಸಿದ. ಎಲ್ಲಾರಿಗೂ ಕಲ್ಲಿನಾಗ ಬರಸಾಕ ಆಗ್ತೈತೇನ್ರಿ?" ಅಂದರು. ನನಗೆ ಅರ್ಥವಾಗಲಿಲ್ಲ. ವಯಸ್ಸಾಯಿತು, ಏನೋ ತತ್ವ ಹೇಳುತ್ತಾರೆ ಅಂದುಕೊಂಡು ಬಸ್ಸಿನ ಹೊತ್ತು ನೋಡಿದೆ.

ಕೊನೆಗೆ ಸಾವ್ಕಾರರ ಮೊಮ್ಮಗನ ಮನಸ್ಸೇ ತಿರುಗಿತು. ಅವನು ಕೆಟ್ಟವನಲ್ಲ, ಅದನ್ನು ಸ್ಪಷ್ಟವಾಗಿ ಬರೆಯಬೇಕು. ಹೈಸ್ಕೂಲಿನಲ್ಲಿ ಅಕ್ಕೋರ ಕೈಯಲ್ಲಿ ಏಟು ತಿಂದವನು, ದಾರಿಯಲ್ಲಿ ಕಂಡರೆ ಈಗಲೂ ಬೈಕು ನಿಲ್ಲಿಸಿ ಇಳಿಯುವವನು. "ಅಕ್ಕೋರು ಇಷ್ಟು ಕುಂತಾರಂದ್ರ ಅದರಾಗೇನೋ ಇರ್ಬೇಕು. ನಾ ಕೆಡವೋದಿಲ್ರಿ, ಊರಿಗೇ ಬಿಟ್ಟು ಕೊಡ್ತೀನಿ, ಹಳೇ ಸಾಮಾನೆಲ್ಲ ಇಟ್ಟು ಮಂದಿಗಿ ತೋರ್ಸೋಣು" ಅಂದ. ಕಮಿಟಿಯವರಿಗೆ ಕುಣಿಯುವುದೊಂದು ಬಾಕಿ.

ಆಮೇಲೆ ನಡೆದದ್ದು ನಮ್ಮ ಕಡೆಯವರು ಮಾತ್ರ ಮಾಡಬಲ್ಲಂಥದ್ದು. ಪ್ರೀತಿ ಬಂದರೆ ನಾವು ಯಾವುದನ್ನೂ ಇದ್ದಂತೆ ಬಿಡುವುದಿಲ್ಲ. ಗುಡಿಯ ಕಲ್ಲಿನ ಕಂಬಕ್ಕೆ ಎನಾಮಲ್ ಬಳಿಯುತ್ತೇವೆ, ಸವೆದ ನಂದಿಗೆ ಸಿಮೆಂಟಿನ ಕೊಂಬು ಕೂರಿಸುತ್ತೇವೆ, ಜೀರ್ಣೋದ್ಧಾರ ಎಂದು ಕೈ ಮುಗಿಯುತ್ತೇವೆ. ಉದ್ಘಾಟನೆಗೆ ಅಕ್ಕೋರನ್ನೇ ಕರೆಯುವುದು ಎಂದಾಯಿತು. ಅವರು ಇಷ್ಟು ಪ್ರೀತಿಯಿಂದ ಕಾಯ್ದ ಬಾಗಿಲು ಹಾಗೆ ಹಳತಾಗಿ, ಧೂಳು ತಿಂದು ನಿಂತಿರಬೇಕೇ ಎಂದು ಮೊಮ್ಮಗನಿಗೆ ಅನ್ನಿಸಿತು. ಅಕ್ಕೋರಿಗೆ ಗೊತ್ತಾಗದ ಹಾಗೆ ಮಾಡಿ ಅವರನ್ನು ಖುಷಿಪಡಿಸಬೇಕೆಂದು ಒಳ್ಳೆಯ ಬಡಿಗೇರನನ್ನು ಕರೆಸಿದ. ಬಡಿಗೇರ ಎರಡೂ ಕದಗಳನ್ನು ಇಳಿಸಿ, ಹೊರಮೈ ಒಳಮೈ ಎರಡಕ್ಕೂ ರಂದಾ ಹೊಡೆದು ನುಣ್ಣಗೆ ಹೆರೆದು, ಪಾಲಿಶ್ ಮಾಡಿ, ಹಿತ್ತಾಳೆಯ ಹೂಗಳನ್ನು ಬಡಿದು ನಿಲ್ಲಿಸಿದ. ಚಿಲಕವನ್ನೂ ತಿಕ್ಕಿ ಅದರ ಜಾಗದಲ್ಲೇ ಹಾಕಿದ. ಉದ್ಘಾಟನೆಯ ದಿನ ಬೆಳಿಗ್ಗೆ ನಾನು ನೋಡಿದೆ. ಮುಟ್ಟಬ್ಯಾಡ್ರಿ ಅಂದದ್ದನ್ನು ಕೆಡವಬೇಡಿ ಎಂದಷ್ಟೇ ತಿಳಿದಿದ್ದ ನನಗೆ ಚೆನ್ನಾಗಿದೆ ಅನ್ನಿಸಿತು. ಯಾರಿಗಾದರೂ ಹಾಗೆಯೇ ಅನ್ನಿಸುತ್ತಿತ್ತು.

ಅಕ್ಕೋರು ಬಿಳಿ ಸೀರೆ ಉಟ್ಟು ಬಂದರು. ಟೇಪು ಕತ್ತರಿಸಿದರು. ಚಪ್ಪಾಳೆಯಾಯಿತು. ಒಳಗೆ ಮೇಜಿನ ಮೇಲೆ ಜಿನ್ನಿನ ಹಳೆಯ ಸಾಮಾನು ಜೋಡಿಸಿದ್ದೆವು. ತೂಕದ ಕಲ್ಲು, ಬೆಲ್ಟಿನ ತುಂಡು, ನಟ್ಟು ತಿರುವುವ ದೊಡ್ಡ ಕಬ್ಬಿಣದ ಪಾನಾ. ಅಕ್ಕೋರು ಅದೊಂದನ್ನೂ ನೋಡಲಿಲ್ಲ. ನೇರವಾಗಿ ಬಾಗಿಲಿನ ಹಿಂಬದಿಗೆ ಹೋಗಿ ಎದೆಮಟ್ಟಕ್ಕೆ ಕೈ ಇಟ್ಟರು. ಕೈ ಆಚೆ ಈಚೆ ಸರಿಸಿದರು. ಇನ್ನೊಂದು ಕದವನ್ನೂ ಸವರಿದರು.

"ಹ್ಯಾಂಗೈತ್ರಿ ಅಕ್ಕೋರ?" ಎಂದ ಮೊಮ್ಮಗ, ಮುಖ ಅರಳಿಸಿಕೊಂಡು. "ಒಂದು ಗುಳಿ ಬಿಟ್ಟಿಲ್ರಿ, ಕನ್ನಡಿ ಆಗೈತಿ."

ಅಕ್ಕೋರು ಅಲ್ಲಿಯೇ ಕುಸಿದು ಕೂತರು. ತಲೆ ಸುತ್ತು ಬಂತೆಂದು ನಾವು ನೀರು ತಂದೆವು. ಅವರು ನೀರು ಮುಟ್ಟಲಿಲ್ಲ. ಆ ಕದವನ್ನೇ ನೋಡುತ್ತ, ಕ್ಲಾಸಿನಲ್ಲಿ ಲೆಕ್ಕ ಬಿಡಿಸುವ ದನಿಯಲ್ಲಿ, ಏರಿಳಿತವಿಲ್ಲದೆ ಹೇಳಲು ಶುರು ಮಾಡಿದರು.

"ನಮ್ಮವ್ವ ಇಲ್ಲಿ ಹತ್ತಿ ಆರಸಾಕ ಬರ್ತಿದ್ಲು. ಹೆಣ್ಮಕ್ಕಳು ಉಡಿಯಾಗ ಹತ್ತಿ ಒಯ್ತಾರಂತ ಹೇಳಿ, ಒಳಗ ಹೋದ ಕೂಡ್ಲೆ ಹೊರಗಿಂದ ಚಿಲಕ ಹಾಕ್ತಿದ್ರು. ಭೋಂಗಾ ಆಗೂ ತನಕ ತೆಗೀತಿರಲಿಲ್ಲ. ಕೂಸುಗಳು ಹೊರಗ, ಆ ಬೇವಿನ ಗಿಡದ ಕೆಳಗ ಜೋಳಿಗ್ಯಾಗ. ನಮ್ಮ ತಮ್ಮನ್ನ ನಾ ನೋಡ್ಕೋತಿದ್ದೆ. ನನಗಿನ್ನೂ ಕನ್ನಡ ಸಾಲಿಗೆ ಹಚ್ಚಿರಲಿಲ್ಲ, ಅಷ್ಟು ಸಣ್ಣಾಕಿ. ಒಂದಿನ ಕೂಸಿಗೆ ಚೇಳು ಕಡೀತು. ಕಲ್ಲಿನ ಸಂದ್ಯಾಗಿನ ಕೆಂಪು ಚೇಳು. ಅದು ಚೀರಿದ್ದು ಒಳಗ ನಮ್ಮವ್ವಗ ಕೇಳಿಸ್ತು. ಯಾವ ಕೂಸು ಚೀರಿದ್ದಂತ ತಾಯಿಗೆ ಗೊತ್ತಾಗ್ತೈತಲ್ರಿ. ನಾ ಓಡಿ ಬಂದು ಬಾಗಲ ಬಡದೆ. ಚಿಲಕ ಮ್ಯಾಲೈತಿ, ನನಗ ಎಟುಕಲಿಲ್ಲ. ಆಕಿ ಒಳಗಿಂದ ಪಾನಾ ತಗೊಂಡು ಬಡದ್ಲು. ಭೋಂಗಾ ಆಗೂ ತನಕ ಬಡದ್ಲು. ಬಾಗಲ ತೆಗೆದಾಗ ಕೂಸು ಅಳೂದು ನಿಲ್ಲಿಸಿತ್ತು."

ನನ್ನ ಕೈಯಲ್ಲಿದ್ದ ನೀರಿನ ಲೋಟವನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಅಂಡಿಗೆ ತಾಗಿ ಬಿದ್ದ ಗುಳಿ ಎಂದು ಎಷ್ಟು ಜನರಿಗೆ ತೋರಿಸಿದ್ದೆವು, ಎಷ್ಟು ಸಲ ಅವರ ಎದುರಿಗೇ. ಇಷ್ಟು ವರ್ಷ ಜೊತೆಗಿದ್ದ ಹೆಂಗಸು ಇದನ್ನು ಎದೆಯೊಳಗೆ ಇಟ್ಟುಕೊಂಡು ನನಗೆ ರೊಟ್ಟಿ ಹಂಚಿದ್ದರು.

"ಮೊದಲ ಹೇಳಬೇಕಿತ್ತಲ್ರಿ ಅಕ್ಕೋರ" ಅಂದೆ.

"ಹೇಳಿದ್ರ ನಾಚಿಕಿಗೆ ಬಾಗಲ ಸುಟ್ಟು ಹಾಕ್ತಿದ್ರಿ ಮಾಸ್ತರ್ರ. ಬಾಗಲಾರ ಉಳೀಲಿ ಅಂತ ಸುಮ್ನಿದ್ದೆ. ನಮ್ಮವ್ವ ಓದಿದಾಕಿ ಅಲ್ಲ, ಬರದಾಕಿ ಅಲ್ಲ. ಆಕಿ ಈ ಊರಾಗ ಬಿಟ್ಟು ಹೋದ ಗುರುತು ಅದೊಂದ ಇತ್ತು."

ಸಾವ್ಕಾರರ ಮೊಮ್ಮಗ ಅವರ ಕಾಲಿನ ಹತ್ತಿರ ಕೂತು, "ನಮ್ಮಜ್ಜ ಹಿಂಗ ಮಾಡ್ಯಾನಂತ ನನಗ ಗೊತ್ತಿರಲಿಲ್ರಿ, ನಾ ಈಗ ಏನ ಮಾಡ್ಲಿ, ನೀವು ಹೇಳಿದಂಗ ಮಾಡ್ತೀನ್ರಿ" ಅಂದ.

ಅಕ್ಕೋರು ಎದ್ದು ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮೇಜಿನ ಮೇಲಿದ್ದ ಪಾನಾ ಎತ್ತಿಕೊಂಡರು.

"ಎಲ್ಲಾರನ್ನೂ ಹೊರಗ ಕರಕೊಂಡು ನಡಿ. ಹೊರಗಿಂದ ಚಿಲಕ ಹಾಕು. ನಾ ಒಳಗಿಂದ ಏನ ಅಂದ್ರೂ ತೆಗಿಬ್ಯಾಡ. ಬಡ್ಯೂದು ನಿಂತ ಮ್ಯಾಲೆ ತೆಗಿ."

ಅವನು ಹಾಗೆಯೇ ಮಾಡಿದ. ನಾವೆಲ್ಲ ಹೊರಗೆ ಬಂದು ಬಿಸಿಲಿನಲ್ಲಿ ನಿಂತೆವು. ಅವನು ಕೈ ಎತ್ತಿ ಚಿಲಕ ಹಾಕಿದ. ಮೊದಲನೆಯ ಏಟು ಬಿತ್ತು. ಒಂದೆರಡು ಏಟು ಹಾಕಿ ಸಮಾಧಾನ ಮಾಡಿಕೊಳ್ಳುತ್ತಾರೆ ಎಂದು ನಾನಂದುಕೊಂಡಿದ್ದೆ. ನಿಲ್ಲಲಿಲ್ಲ. ಸಾಗವಾನಿಯ ಕದ ಅದುರುತ್ತಿತ್ತು, ಹೊಸದಾಗಿ ಬಡಿದಿದ್ದ ಹಿತ್ತಾಳೆಯ ಹೂವೊಂದು ಕಳಚಿ ಕೆಳಗೆ ಬಿತ್ತು. ಆಮೇಲೆ ದನಿ ಬಂತು. ಅಕ್ಕೋರ ಬಾಯಿಂದ ಅಂಥ ದನಿಯನ್ನು ನಾನೆಂದೂ ಕೇಳಿರಲಿಲ್ಲ. "ತೆಗಿರ್ಯೋ, ನನ್ನ ಕೂಸು ಅಳಾಕತ್ತೈತಿ, ತೆಗಿರ್ಯೋ" ಎಂದು ಕೂಗುತ್ತಿದ್ದರು. ಅರವತ್ತು ದಾಟಿದ ಹೆಂಗಸು, ಒಳಗೆ ಗಾಳಿಯಿಲ್ಲ, ಬಿ.ಪಿ. ಮಾತ್ರೆ ನುಂಗುವವರು. ಮೊಮ್ಮಗ ಚಿಲಕದ ಮೇಲೆ ಕೈ ಇಟ್ಟುಕೊಂಡು ನನ್ನ ಮುಖ ನೋಡಿದ. ನಾನು ಕಮಿಟಿಯವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಮೊಮ್ಮಗನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಆದರೂ ಅವನು ತೆಗೆಯಲಿಲ್ಲ, ತೆಗಿ ಎಂದು ನಾವೂ ಯಾರೂ ಅನ್ನಲಿಲ್ಲ.

ಬಡಿಯುವುದು ನಿಂತಿತು. ಅವನು ಚಿಲಕ ತೆಗೆದ. ಅಕ್ಕೋರು ಬೆವರಿನಲ್ಲಿ ತೊಯ್ದು ನಿಂತಿದ್ದರು, ಕೂದಲು ಬಿಚ್ಚಿ ಹೋಗಿತ್ತು. ಅವರ ಹಿಂದೆ ಕದದ ಒಳಮೈಯಲ್ಲಿ ಪಾಲಿಶ್ ಹಾರಿ ಬಿಳಿಯ ಗಾಯಗಳೆದ್ದಿದ್ದವು. ಅವರು ಮೊಮ್ಮಗನನ್ನೇ ನೋಡಿದರು.

"ನಾ ಕೂಗಿದ್ದು ಕೇಳಿಸ್ತೇನು?"

"ಕೇಳಿಸ್ತ್ರಿ."

"ಮತ್ಯಾಕ ತೆಗಿಲಿಲ್ಲ?"

ಅವನು ಬಿಕ್ಕುತ್ತ, "ನೀವ ಹೇಳಿದ್ರಲ್ರಿ ಅಕ್ಕೋರ, ಏನ ಅಂದ್ರೂ ತೆಗಿಬ್ಯಾಡ ಅಂತ" ಅಂದ.

ಅಕ್ಕೋರು ಅವನ ತಲೆಯ ಮೇಲೆ ಕೈ ಇಟ್ಟರು.

"ಹೂನಪ್ಪ. ಅವತ್ತು ಚಿಲಕದ ಹತ್ರ ನಿಂತಿದ್ದ ವಾಚಮನ್ನೂ ಕೆಟ್ಟಾವಲ್ಲ. ನಾ ಅವನ ಕಾಲು ಹಿಡ್ಕೊಂಡಿದ್ದೆ. ಅವನೂ ನಿನ್ನಂಗ ಅಳಾಕತ್ತಿದ್ದ. ತೆಗಿಬ್ಯಾಡ ಅಂತ ಹೇಳ್ಯಾರವ್ವ ಅಂದ."